ಬೆನ್ನಿನೊಳಗಿನ ಹೆಸರುಗಳು

ಗ್ರಂಥಾಲಯದ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಶೆಡ್ಡಿಗೆ ಒತ್ತಿಕೊಂಡಂತೆ ಒಂದು ಕೋಣೆಯಿದೆ. ಕಿಟಕಿ ಒಂದೇ. ಅದರ ಕೆಳಗೆ ಉದ್ದನೆಯ ಮರದ ಮೇಜು. ಮೇಜಿನ ಒಂದು ತುದಿಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ಇನ್ನೊಂದು ತುದಿಯಲ್ಲಿ ಸ್ಟೌ, ಅದರ ಮೇಲೆ ಅಂಟಿನ ಪಾತ್ರೆ. ಈ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುತ್ತಿರುವ ಹೆಂಗಸಿಗೆ ಈಗ ನಲವತ್ತೊಂದು. ಹಾಜರಿ ಪುಸ್ತಕದಲ್ಲಿ ಅವರು ‘ದುರಸ್ತಿಗಾರರು’. ಓದುಗರ ಬಾಯಲ್ಲಿ ಅಂಟಮ್ಮ. ಬೆಳಿಗ್ಗೆ ಪೇಪರ್ ಓದಲು ಬರುವ ನಿವೃತ್ತರು ಈ ಹೆಸರಿಟ್ಟವರು. ಅಂಟಮ್ಮನ ಬೆರಳ ತುದಿಗಳಲ್ಲಿ ಸದಾ ಒಣ ಅಂಟಿನ ಬಿಳಿ ಪೊರೆ ಇರುತ್ತದೆ. “ಅಂಟಮ್ಮನಿಗೆ ಏನಾದ್ರೂ ಕೊಟ್ರೆ ವಾಪಸ್ ಇಸ್ಕೊಳ್ಳೋಕೆ ಬಿಸಿನೀರು ತರಬೇಕು” ಎಂದು ಆ ನಿವೃತ್ತರಲ್ಲೊಬ್ಬರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ, ಮೊದಲ ಸಲ ಹೇಳುವವರಂತೆ.

ಕಸುಬು ಕಲಿಸಿದವರು ಸೋದರಮಾವ. ಬೀದಿಬದಿಯ ಅಂಗಡಿಯಲ್ಲಿ ಶಾಲೆಯ ನೋಟ್‌ಬುಕ್ಕು, ವಕೀಲರ ಕಡತ ಹೊಲಿಯುತ್ತಿದ್ದವರು. ಮೈದಾಹಿಟ್ಟಿಗೆ ಎಷ್ಟು ನೀರು, ಹುಳು ಹಿಡಿಯದಂತೆ ಎಷ್ಟು ಮೈಲುತುತ್ತ, ಯಾವ ಹದಕ್ಕೆ ಉರಿ ಆರಿಸಬೇಕು ಎನ್ನುವುದನ್ನು ಬೈಗುಳದ ಜೊತೆಯಲ್ಲೇ ಹೇಳಿಕೊಟ್ಟರು. ಅವರ ಪ್ರಕಾರ ಪುಸ್ತಕದ ಆಯಸ್ಸು ಇರುವುದು ಬೆನ್ನಿನಲ್ಲಿ. ಹಾಳೆಗಳ ಮಡಿಕೆ ಮತ್ತು ಹೊರಗಿನ ಬಟ್ಟೆಯ ನಡುವೆ ಒಂದು ಗಟ್ಟಿ ಕಾಗದದ ಪಟ್ಟಿ ಇರಬೇಕು. ಅದು ಕಳಪೆಯಾಗಿದ್ದರೆ ಪುಸ್ತಕ ಎರಡನೇ ವರ್ಷಕ್ಕೆ ಬಾಯಿ ಬಿಡುತ್ತದೆ.

ಅಂಟಮ್ಮ ಯಾವ ಪುಸ್ತಕವನ್ನೂ ಪೂರ್ತಿ ಓದಿದವರಲ್ಲ. ಅಂಟು ಒಣಗುವಷ್ಟು ಹೊತ್ತು ಕಣ್ಣೆದುರಿಗಿದ್ದ ಪುಟ ಓದುತ್ತಾರೆ, ಅಷ್ಟೆ. “ಊರಲ್ಲಿರೋ ಎಲ್ಲಾ ಪುಸ್ತಕದ ಬೆನ್ನು ನೋಡಿದೀನಿ. ಹೊಟ್ಟೇಲೇನಿದೆ ಅಂತ ಕೇಳ್ಬೇಡಿ” ಎನ್ನುತ್ತಾರೆ.

ಆ ಗ್ರಂಥಾಲಯ ದೊಡ್ಡದೇನಲ್ಲ. ಎರಡು ಅಂತಸ್ತು, ಒಂಬತ್ತು ಫ್ಯಾನು, ಅದರಲ್ಲಿ ಆರು ತಿರುಗುತ್ತವೆ. ಕೆಲಸಕ್ಕೆ ಅರ್ಜಿ ತುಂಬುವವರಿಗೆ ಅಲ್ಲೊಂದು ಮೇಜಿದೆ. ಬರೆಯಲು ಬಾರದವರ ಪರವಾಗಿ ಕೌಂಟರಿನ ಗುಮಾಸ್ತೆಯೇ ಬರೆದುಕೊಡುತ್ತಾಳೆ. ರಾತ್ರಿ ಪಾಳಿ ಮುಗಿಸಿದ ದಾದಿಯರು ಮನೆಗೆ ಹೋಗುವ ಮುನ್ನ ಅರ್ಧ ಗಂಟೆ ಇಲ್ಲಿ ಕೂತು ಹೋಗುತ್ತಾರೆ. ಮನೆಯಲ್ಲಿ ಅಷ್ಟು ಮೌನ ಸಿಗುವುದಿಲ್ಲ. ಗಂಡ ಬಿಟ್ಟವಳು ಕಾನೂನಿನ ಪುಸ್ತಕ ಕೇಳುತ್ತಾಳೆ, ಗಡ್ಡ ಬರುತ್ತಿರುವ ಹುಡುಗ ದೇಹದ ಬಗ್ಗೆ ಬರೆದ ಪುಸ್ತಕವನ್ನು ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಾನೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಕೇಳಬಾರದು ಎನ್ನುವುದು ಮೇಡಂ ಮಾಡಿದ ಕಟ್ಟಳೆ. ಮೇಡಂ ಎಂದರೆ ಗ್ರಂಥಪಾಲಕಿ. ಅಂಟಮ್ಮ ಸೇರಿದ ವರ್ಷವೇ ಅವರೂ ವರ್ಗವಾಗಿ ಬಂದಿದ್ದರು. ಇಲ್ಲಿ ಪುಸ್ತಕ ಎರವಲು ಪಡೆಯುವವರ ಹೆಸರನ್ನು ಒಂದು ಹಳದಿ ಚೀಟಿಯಲ್ಲಿ ಬರೆದು ಕೌಂಟರಿನ ಡಬ್ಬಿಯಲ್ಲಿ ಇಡುತ್ತಾರೆ. ಚೀಟಿ ಮೂರು ಬೆರಳು ಅಗಲ, ಒಂದು ಗೇಣು ಉದ್ದ. ಮೇಲೆ ‘ಓದುಗರ ಹೆಸರು’ ಎಂದು ಅಚ್ಚಾಗಿರುತ್ತದೆ, ಕೆಳಗೆ ಪುಸ್ತಕದ ಹೆಸರು, ದಿನಾಂಕ. ಮೊದಲೆಲ್ಲ ಪುಸ್ತಕ ಮರಳಿದ ಮೇಲೂ ಚೀಟಿಗಳನ್ನು ಕಟ್ಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಮೇಡಂ ಅದನ್ನು ನಿಲ್ಲಿಸಿದರು. ಪುಸ್ತಕ ಬಂತು ಎಂದರೆ ಚೀಟಿ ನಾಶವಾಗಬೇಕು. “ಯಾರು ಏನು ಓದಿದ್ರು ಅನ್ನೋದು ನಮ್ಮ ಸ್ವತ್ತಲ್ಲ” ಎಂದರು. ಬಾಗಿಲ ಬಳಿ ಒಂದು ಫಲಕವನ್ನೂ ಹಾಕಿಸಿದರು: ನೀವು ಏನು ಓದಿದಿರಿ ಎಂಬುದು ಈ ಗ್ರಂಥಾಲಯಕ್ಕೆ ನೆನಪಿರುವುದಿಲ್ಲ.

ಚೀಟಿಗಳನ್ನು ನೀರಲ್ಲಿ ನೆನೆಸಿ ಮುದ್ದೆ ಮಾಡುವ ಕೆಲಸ ಅಂಟಮ್ಮನ ಪಾಲಿಗೆ ಬಂತು. ಬಕೆಟ್ಟು ಅವರ ಕೋಣೆಯಲ್ಲಿತ್ತು, ಅದಕ್ಕೇ. ಪ್ರತಿ ಶನಿವಾರ ಒಂದು ಬುಟ್ಟಿ ಚೀಟಿ ಬರುತ್ತಿತ್ತು.

ತಪ್ಪು ಆದದ್ದು ಇಲ್ಲಿ. ಇಲಾಖೆ ಬೆನ್ನುಪಟ್ಟಿಗೆಂದು ಕಳಿಸುತ್ತಿದ್ದ ಕಂದು ಕಾಗದ ತೀರಾ ತೆಳು, ಮಡಿಸಿದರೆ ಸೀಳುತ್ತಿತ್ತು. ಹಳದಿ ಚೀಟಿ ಅಂಥದ್ದಲ್ಲ. ದಪ್ಪ, ಎಳೆ ಗಟ್ಟಿ, ಬಾಗಿಸಿದರೆ ಬಾಗುತ್ತದೆ, ಮುರಿಯುವುದಿಲ್ಲ. ಅಗಲವಂತೂ ಅಳೆದು ಕತ್ತರಿಸಿದ ಹಾಗೆ ಪುಸ್ತಕದ ಬೆನ್ನಿಗೆ ಸರಿಯಾಗಿತ್ತು. ಇಂಥ ಕಾಗದವನ್ನು ಮುದ್ದೆ ಮಾಡಲು ಕಸುಬಿನವರಿಗೆ ಕೈ ಬರುವುದಿಲ್ಲ. ಅಂಟಮ್ಮ ಬುಟ್ಟಿಯಿಂದ ಚೆನ್ನಾಗಿದ್ದವನ್ನು ಆರಿಸಿಕೊಂಡರು. ಬರಹದ ಮುಖ ಒಳಗೆ, ಹಾಳೆಯ ಮಡಿಕೆಗಳ ಕಡೆಗೆ. ಮೇಲೆ ಬಟ್ಟೆ, ಅದರ ಮೇಲೆ ರಟ್ಟು. ಒಂದು ಬೆನ್ನಿಗೆ ಎರಡು ಚೀಟಿ, ಪುಸ್ತಕ ದಪ್ಪವಿದ್ದರೆ ಮೂರು; ಯಾವ ಪುಸ್ತಕದ ಚೀಟಿ ಯಾವ ಬೆನ್ನಿಗೆ ಹೋಯಿತೆಂದು ಲೆಕ್ಕವಿಟ್ಟಿರಲಿಲ್ಲ. “ಚೀಟಿ ಹಾಳು ಮಾಡಿದ್ರಾ?” ಎಂದು ಮೇಡಂ ಕೇಳಿದಾಗಲೆಲ್ಲ “ಆಯ್ತು ಮೇಡಂ” ಎಂದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಬೆನ್ನಿನೊಳಗೆ ಹೋದದ್ದನ್ನು ಯಾರು ತಾನೆ ನೋಡುತ್ತಾರೆ?

ಆ ಮಂಗಳವಾರ ಹತ್ತೂವರೆಗೆ ಬಾಗಿಲಲ್ಲಿ ಒಂದು ಜೀಪು ನಿಂತಿತು. ಇಳಿದವರು ಇಬ್ಬರು: ಕೈಯಲ್ಲಿ ಫೈಲು ಹಿಡಿದ ಅಧಿಕಾರಿ, ಹಿಂದೆ ಮೊಣಕಾಲು ನೋವಿನವನಂತೆ ಎಳೆದುಕೊಂಡು ನಡೆಯುವ ವಯಸ್ಸಾದ ಪೇದೆ. ಅಧಿಕಾರಿಯ ಬಳಿ ಮೂವತ್ತೊಂದು ಪುಸ್ತಕಗಳ ಪಟ್ಟಿ ಇತ್ತು. ಅವನ್ನು ವಶಕ್ಕೆ ಪಡೆಯಬೇಕು. ಅದರ ಜೊತೆಗೆ, ಕಳೆದ ಐದು ವರ್ಷಗಳಲ್ಲಿ ಅವನ್ನು ಓದಿದವರ ಹೆಸರುಗಳೂ ಬೇಕು.

ಹೆಸರು ಕೊಟ್ಟರೆ ಏನಾಗುತ್ತದೆ ಎನ್ನುವುದು ಎಲ್ಲರಿಗೂ ತಿಳಿದಿತ್ತು. ಎರಡು ತಿಂಗಳ ಹಿಂದೆ ಪಕ್ಕದ ಪಟ್ಟಣದ ಗ್ರಂಥಾಲಯ ಕೊಟ್ಟಿತ್ತು. ಅಲ್ಲಿಯ ಅಂಚೆ ಗುಮಾಸ್ತನೊಬ್ಬನ ಕೆಲಸ ಹೋಯಿತು. ಕಾಲೇಜು ಹುಡುಗಿಯೊಬ್ಬಳನ್ನು ಅಪ್ಪನ ಜೊತೆ ಐದು ಸಲ ವಿಚಾರಣೆಗೆ ಕರೆಸಿದರು. ಆರನೇ ಸಲ ಕರೆಸುವ ಮೊದಲೇ ಅಪ್ಪ ಅವಳನ್ನು ಕಾಲೇಜು ಬಿಡಿಸಿದ. ಔಷಧಿ ಅಂಗಡಿಯವನೊಬ್ಬ ಅಲ್ಲಿಗೆ ಹೋಗಿ ಬಂದವನು ಈಗ ಗಿರಾಕಿಗಳ ಜೊತೆ ಬೆರಳಿನಲ್ಲೇ ಮಾತಾಡುತ್ತಾನೆ.

ಪಟ್ಟಿಯ ತರ್ಕ ಯಾರಿಗೂ ಹೊಳೆಯಲಿಲ್ಲ. ಹೆರಿಗೆಯ ಬಗೆಗಿನದೊಂದು, ಕಾರ್ಖಾನೆಗಳ ಇತಿಹಾಸ ಎರಡು, ಕಥೆಗಳು ಕೆಲವು, ಮಧ್ಯದಲ್ಲಿ ಜೇನು ಸಾಕಣೆಯದೂ ಒಂದು. ಮೂರು ಪುಸ್ತಕ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದ ಇಪ್ಪತ್ತೆಂಟನ್ನು ಗುಮಾಸ್ತೆ ಕಪಾಟುಗಳಿಂದ ತೆಗೆದು ತಂದಳು.

“ಪುಸ್ತಕ ಇಲ್ಲಿವೆ. ಹೆಸರುಗಳಿಲ್ಲ” ಅಂದರು ಮೇಡಂ. “ಪುಸ್ತಕ ಬಂದ ಕೂಡ್ಲೆ ಚೀಟಿ ನಾಶ ಮಾಡ್ತೀವಿ. ಬಾಗಿಲಲ್ಲೇ ಬರೆದಿದೆ.”

ಅಧಿಕಾರಿ ದನಿ ಏರಿಸಲಿಲ್ಲ. “ಓದಿದೆ. ಚೆನ್ನಾಗಿ ಬರೆಸಿದೀರಿ. ಆದ್ರೆ ಮೇಡಂ, ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನಾನು ನೋಡಿರೋದು ಒಂದೇ. ಹೆಸರು ಅನ್ನೋದು ಎಲ್ಲಿಗೂ ಹೋಗಲ್ಲ. ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ.”

ಮಾದರಿಗೆಂದು ಒಂದು ಪುಸ್ತಕವನ್ನು ಅವರು ಆಗಲೇ ತೆಗೆದುಕೊಂಡರು. ಕಾರ್ಖಾನೆ ಇತಿಹಾಸದ ಮೊದಲ ಸಂಪುಟ. ಮೇಡಂ ರಸೀದಿ ಬರೆದು ಮುಂದಿಟ್ಟರು. ‘ಸದರಿ ಪುಸ್ತಕವನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ.’ ಅಧಿಕಾರಿ ಸಹಿ ಮಾಡಿದರು. ಉಳಿದ ಇಪ್ಪತ್ತೇಳನ್ನು ಶುಕ್ರವಾರ ಮೂರು ಗಂಟೆಗೆ ಒಯ್ಯುವುದಾಗಿಯೂ, ಅಲ್ಲಿಯವರೆಗೆ ಪೇದೆ ಇಲ್ಲೇ ಕಾವಲಿರುವುದಾಗಿಯೂ ಹೇಳಿದರು.

ಅಂಟಮ್ಮ ಆಗ ಒಂದು ನಿಘಂಟನ್ನು ಎದೆಗವಚಿಕೊಂಡು ಕಪಾಟಿನ ಪಕ್ಕ ನಿಂತಿದ್ದರು. ಮೇಜಿನ ಮೇಲಿನ ಪುಸ್ತಕಗಳ ಬೆನ್ನುಗಳನ್ನು ಅವರು ದೂರದಿಂದಲೇ ಗುರುತಿಸಿದರು. ತಾವು ಕಟ್ಟಿದ ರಟ್ಟನ್ನು ಗುರುತಿಸಲು ಹೆಸರು ಓದಬೇಕಾಗಿಲ್ಲ. ಇದು ನನ್ನದು, ಇದೂ, ಅದೂ. ಹತ್ತೊಂಬತ್ತು. ಜೀಪಿನ ಕಡೆಗೆ ಹೋಗುತ್ತಿದ್ದ ಅಧಿಕಾರಿಯ ಕಂಕುಳಲ್ಲಿ ಇಪ್ಪತ್ತನೆಯದು. ಅವರ ಕೈಯ ನಿಘಂಟು ಕೆಳಗೆ ಬಿತ್ತು. “ಸದ್ಯ, ಅದು ಪಟ್ಟೀಲಿಲ್ಲ” ಎಂದಳು ಗುಮಾಸ್ತೆ.

ಸಂಜೆ ಮನೆಯಲ್ಲಿ ಅಂಟಮ್ಮ ಊಟಕ್ಕೆ ಕೂತರು. ಗಂಡ ಬಸ್ಸಿನ ಡ್ರೈವರು. ಪಾಳಿ ಮುಗಿಸಿ ಬಂದವರು ಎರಡು ಸಲ ಏನಾಯಿತೆಂದು ಕೇಳಿದರು. ತಟ್ಟೆಯಲ್ಲಿದ್ದುದನ್ನು ಸೊಸೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಿದ್ದುದನ್ನು ನೋಡಿ ಅತ್ತೆ, “ಇಷ್ಟು ದಿನ ಪುಸ್ತಕಕ್ಕೆ ಅಂಟು ಹಚ್ತಿದ್ಳು, ಇವತ್ತು ಬಾಯಿಗೆ ಹಚ್ಕೊಂಡು ಬಂದಿದಾಳೆ” ಎಂದರು.

“ಸುಮ್ನಿರಮ್ಮ” ಎಂದರು ಗಂಡ.

“ನಾನ್ಯಾಕೆ ಸುಮ್ನಿರ್ಲಿ? ಮನೇಲಿ ಒಬ್ಬರಾದ್ರೂ ಮಾತಾಡ್ಬೇಕಲ್ಲ.”

ಮೇಡಂಗೆ ಹೇಳದೆ ಇದ್ದುಬಿಡಬಹುದಿತ್ತು. ಬೆನ್ನು ಬಿಚ್ಚಿ ನೋಡುವ ಯೋಚನೆ ಯಾರಿಗೂ ಬಾರದೇ ಹೋಗಬಹುದು. ಆದರೆ ವಶಪಡಿಸಿದ ಪುಸ್ತಕಗಳನ್ನು ಏನು ಮಾಡುತ್ತಾರೋ ಯಾರು ಬಲ್ಲರು. ಹರಿಯಬಹುದು, ನೀರಿಗೆ ಹಾಕಬಹುದು. ನೀರಿಗೆ ಹಾಕಿದರೆ ಅಂಟು ಮೊದಲು ಬಿಡುತ್ತದೆ, ಚೀಟಿ ತೇಲುತ್ತದೆ. ಇದು ಅಂಟಮ್ಮನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಬುಧವಾರ ಎಂಟಕ್ಕೇ ಹೋಗಿ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ಪುಸ್ತಕ?”

“ಹೊರಗಿರೋದ್ರಲ್ಲಿ ಹತ್ತೊಂಬತ್ತು. ಅವ್ರು ತಗೊಂಡೋಗಿರೋದು ಒಂದು.”

“ಅದಲ್ಲ. ಒಟ್ಟು ಎಷ್ಟು?”

“ಗೊತ್ತಿಲ್ಲ ಮೇಡಂ. ಎರಡು ಸಾವಿರದ ಮೇಲೇ ಇರ್ಬೇಕು.”

ಹೊರಗೆ ಕಸ ಗುಡಿಸುವ ಸದ್ದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ಮರಳಿತು.

“ಹನ್ನೊಂದು ವರ್ಷ” ಅಂದರು ಮೇಡಂ. “ನಾನು ಜನಕ್ಕೆ ಧೈರ್ಯವಾಗಿ ಓದಿ ಅಂತ ಹೇಳ್ತಾ ಇದ್ದೆ.”

“ಬೈರಿ ಮೇಡಂ.”

“ಬೈದ್ರೆ ಬಿಚ್ಕೊಳುತ್ತಾ?” ಕನ್ನಡಕ ಮತ್ತೆ ಏರಿತು. “ಒಂದು ಬೆನ್ನು ಬಿಚ್ಚಿ, ತೆಗೆದು, ಮತ್ತೆ ಕಟ್ಟೋಕೆ ಎಷ್ಟು ಹೊತ್ತು ಬೇಕು?”

“ಒಂದು ಗಂಟೆ. ಒಣಗೋದು ಬೇರೆ.”

ಆದೇಶದ ಪತ್ರವನ್ನು ಮೇಡಂ ಮತ್ತೊಮ್ಮೆ ಓದಿದರು. ನಾಲ್ಕನೇ ಕಲಮಿನಲ್ಲಿ ‘ಪುಸ್ತಕಗಳನ್ನು ಸುಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು’ ಎಂದಿತ್ತು. ಅವರು ಅಧಿಕಾರಿಗೆ ಫೋನು ಮಾಡಿ, ಕೆಲವು ಪುಸ್ತಕಗಳ ಬೆನ್ನು ಸಡಿಲವಾಗಿದೆ, ಹಾಗೇ ಕಳಿಸಿದರೆ ನಾಳೆ ನಿಮ್ಮ ಮೇಲೆ ಬರುತ್ತದೆ ಎಂದರು. ಪೇದೆಯ ಕಣ್ಣೆದುರಿಗೇ ದುರಸ್ತಿ ಮಾಡುವುದಾದರೆ ಸರಿ ಎಂದು ಉತ್ತರ ಬಂತು.

ಪೇದೆ ಕುರ್ಚಿ ಎತ್ತಿಕೊಂಡು ದುರಸ್ತಿ ಕೋಣೆಗೆ ಬಂದ. ಬಾಗಿಲಿಗೆ ಬೆನ್ನು ಕೊಟ್ಟು, ಮೇಜಿಗೆ ಮುಖ ಮಾಡಿ ಕೂತ. ಅಂಟಮ್ಮ ಬಟ್ಟೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಮೊದಲ ಪುಸ್ತಕದ ಬೆನ್ನಿಗೆ ಸುತ್ತಿದರು. ಹತ್ತು ನಿಮಿಷಕ್ಕೆ ಅಂಟು ಮೆತ್ತಗಾಯಿತು. ಮೊಂಡು ಚಾಕುವಿನಿಂದ ಬಟ್ಟೆ ಎಬ್ಬಿಸಿದರು. ಒಳಗೆ ಹಳದಿ.

ಅವರು ಮೊಣಕೈಗಳನ್ನು ಮೇಜಿಗೆ ಊರಿದರು. ಚೀಟಿಗಳನ್ನು ಬರಹ ಕೆಳಗಾಗಿಯೇ ಸುರುಳಿ ಸುತ್ತಿ ಬಕೆಟ್ಟಿಗೆ ಹಾಕಿದರು. ಸದ್ದಾಗಬಾರದೆಂದು ಇಳಿಸುವಂತೆ ಹಾಕಿದರು.

“ಅದೇನಮ್ಮ ಹಳದಿ?” ಅಂದ ಪೇದೆ.

“ಹಳೇ ಪಟ್ಟಿ. ಕೊಳೆತಿದೆ.”

“ನನ್ನ ಮಂಡಿ ಹಾಗೆ.” ಅವನು ಕಾಲು ನೀವಿಕೊಂಡ. “ಅದನ್ನೂ ಹಿಂಗೇ ಬಿಚ್ಚಿ ಕಟ್ಟೋ ಹಾಗಿದ್ರೆ ಹೇಳು, ಮಲಗ್ತೀನಿ ಮೇಜಿನ ಮೇಲೆ.”

ಅಂಟಮ್ಮನಿಗೆ ನಗು ಬರಲಿಲ್ಲ. ನಗದಿದ್ದರೆ ಅನುಮಾನ ಬರಬಹುದೆಂದು ನಕ್ಕರು.

ಏಳನೆಯ ಪುಸ್ತಕದಲ್ಲಿ ಒಂದು ಚೀಟಿ ಮಡಿಕೆಗೆ ಕಚ್ಚಿಕೊಂಡು ತಿರುಗಿ ಬಿತ್ತು. ಬೇಡವೆಂದರೂ ಕಣ್ಣು ಓದಿತು. ಡ್ರಾಯಿಂಗ್ ಟೀಚರ ಹೆಸರು. ಪ್ರತಿ ಶನಿವಾರ ಮಧ್ಯಾಹ್ನ ಬಣ್ಣ ಅಂಟಿದ ಕೈಗಳಿಂದ ಬರುವ, “ನಿಮ್ಮ ಕೈ, ನನ್ನ ಕೈ ಒಂದೇ ಜಾತಿ” ಎಂದು ಹೇಳುವ ಹೆಂಗಸು. ಅವರ ಸಂಬಳದ ಮೇಲೆ ಹಾಸಿಗೆ ಹಿಡಿದ ತಾಯಿ, ಓದುವ ತಮ್ಮ. ಚೀಟಿಯಲ್ಲಿದ್ದ ಪುಸ್ತಕದ ಹೆಸರು ಹೆರಿಗೆಯದ್ದು. ಟೀಚರಿಗೆ ಮದುವೆಯಾಗಿರಲಿಲ್ಲ. ಅಂಟಮ್ಮ ಚೀಟಿಯನ್ನು ಹಿಸುಕಿದರು. ಇಲ್ಲಿಯವರೆಗೆ ಅವರ ಭಯ ತಮ್ಮ ತಪ್ಪು ಬಯಲಾಗುವುದರ ಬಗ್ಗೆ ಇತ್ತು. ಈಗ ಅದಕ್ಕೆ ಒಂದು ಮುಖ ಬಂತು. ಮುಂದಿನ ಪುಸ್ತಕ ಎತ್ತಿಕೊಳ್ಳುವ ಮೊದಲು ಅವರು ತಮ್ಮ ಓದುವ ಕನ್ನಡಕ ತೆಗೆದಿಟ್ಟರು. ಬೆನ್ನು ಬಿಚ್ಚಲು ಬೆರಳು ಸಾಕು.

ಗುರುವಾರ ಪೇದೆಗೆ ಬೇಸರವಾಗಿ ರಾಶಿಯಿಂದ ಜೇನು ಸಾಕಣೆಯ ಪುಸ್ತಕ ಎಳೆದುಕೊಂಡ. ಎರಡು ಪುಟ ತಿರುವಿದ. ಆಮೇಲೆ ತಿರುವುವುದು ನಿಂತಿತು. ಅರ್ಧ ಗಂಟೆ ಅವನು ತಲೆ ಎತ್ತಲಿಲ್ಲ. ನಡುವೆ ಒಮ್ಮೆ ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತ.

“ಇದ್ರಲ್ಲಿ ಏನಿದೆ ಅಂತ ಹಿಡ್ಕೊಂಡು ಹೋಗ್ತಿದಾರೆ?” ಎಂದು ತನಗೇ ಕೇಳಿಕೊಂಡ. ಆಮೇಲೆ ದನಿ ತಗ್ಗಿಸಿ, “ಜೇನಿಂದು ಬೇರೆ ಪುಸ್ತಕ ಇದ್ಯಾ? ಪಟ್ಟೀಲಿ ಇಲ್ದೇ ಇರೋದು?”

“ಇದೆ. ಕೌಂಟರಲ್ಲಿ ಕೇಳಿದ್ರೆ ಕೊಡ್ತಾರೆ.”

“ಹೆಸರು ಬರ್ಕೊತಾರಾ?”

“ಬರ್ಕೊತಾರೆ. ವಾಪಸ್ ಕೊಟ್ಟಾಗ ಹಾಳು ಮಾಡ್ತಾರೆ.”

ಪೇದೆ ಗಲ್ಲ ಕೆರೆದುಕೊಂಡ. “ಬೇಡ ಬಿಡಮ್ಮ. ನಾನು ಜೇನು ಸಾಕಿ ಯಾವ ರಾಜ್ಯ ಆಳ್ಬೇಕು” ಎಂದು ಪುಸ್ತಕವನ್ನು ರಾಶಿಯ ಅಡಿಗೆ ತಳ್ಳಿದ.

ಶುಕ್ರವಾರ ಹನ್ನೊಂದೂವರೆಗೆ ಹತ್ತೊಂಬತ್ತನೆಯ ಬೆನ್ನೂ ಒಣಗಿತ್ತು. ಉಳಿದದ್ದು ಅಧಿಕಾರಿಯ ಬಳಿ ಇದ್ದ ಒಂದು. ಅದು ಅಂಟಮ್ಮನ ಕೈಗೆ ಎಟಕುವಂಥದ್ದಲ್ಲ. ಯಾವ ಚೀಟಿ ಹಾಕಿದ್ದೆ, ಅವತ್ತಿನ ಬುಟ್ಟಿಯಲ್ಲಿ ಯಾರು ಯಾರಿದ್ದರು ಎಂದು ಅವರು ಮೂರು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಬರುತ್ತಿದ್ದ ಓದುಗರನ್ನು ಒಂದು ಕಾಗದದಲ್ಲಿ ಬರೆಯತೊಡಗಿದ್ದರು; ಅಂಥವರಿಗೆ ಮುಂಚೆಯೇ ಒಂದು ಮಾತು ಹೇಳಿಬರೋಣವೆಂದು. ಐದು ಹೆಸರಾಗಿತ್ತು. ಪೇದೆ ಚಹಾಕ್ಕೆ ಹೋಗಿದ್ದಾಗ ಮೇಡಂ ಅದನ್ನು ನೋಡಿ ಕಾಗದವನ್ನು ಕಿತ್ತು ಅಂಟಿನ ಪಾತ್ರೆಗೆ ಹಾಕಿದರು. “ಅವ್ರಿಗೆ ಬೇಕಾಗಿರೋದು ಇದೇ. ನೀವೇ ಬರೆದು ಕೊಡ್ತೀರಾ?”

ಹನ್ನೆರಡಕ್ಕೆ ಜೀಪು ಬಂತು. ಮೂರು ಗಂಟೆಗೆ ಬರಬೇಕಾದದ್ದು. ಅಧಿಕಾರಿ ನೇರವಾಗಿ ದುರಸ್ತಿ ಕೋಣೆಗೆ ನಡೆದು ಬಂದರು. ಪೇದೆ ಎದ್ದು ನಿಂತ. ಕಂಕುಳಲ್ಲಿದ್ದ ಪುಸ್ತಕವನ್ನು ಅಧಿಕಾರಿ ಮೇಜಿನ ಮೇಲಿಟ್ಟರು. ಕಾರ್ಖಾನೆ ಇತಿಹಾಸ, ಮೊದಲ ಸಂಪುಟ. ಅದರ ಬೆನ್ನು ಒಂದು ಕಡೆ ಪೂರ್ತಿ ಬಿಟ್ಟುಕೊಂಡು ಬಾಯಿ ತೆರೆದಿತ್ತು.

ಇವರಿಗೆ ಗೊತ್ತಾಗಿದೆ, ಕೇಳಲು ಬಂದಿದ್ದಾರೆ ಎಂದುಕೊಂಡರು ಅಂಟಮ್ಮ.

“ಗಾಡಿಯ ಮುಂದಿನ ಗಾಜಿನ ಹತ್ರ ಇಟ್ಟಿದ್ದೆ” ಅಂದರು ಅಧಿಕಾರಿ. ದನಿಯಲ್ಲಿ ಮಂಗಳವಾರದ ನಿಧಾನ ಇರಲಿಲ್ಲ. “ಬಿಸಿಲಿಗೆ ಹೀಗಾಗಿದೆ. ನಿಮ್ಮ ಮೇಡಂ ಸುಸ್ಥಿತಿ ಅಂತ ಬರೆಸ್ಕೊಂಡಿದಾರೆ. ಅದ್ರ ನಕಲು ಮೇಲಕ್ಕೆ ಹೋಗಿ ಆಗಿದೆ. ಈಗ ನಾನು ಹರಿದ ಪುಸ್ತಕ ಒಪ್ಪಿಸಿದ್ರೆ, ಒಳಗಿಂದ ಏನು ತೆಗೆದೆ ಅಂತ ನನ್ನನ್ನೇ ಕೇಳ್ತಾರೆ. ಬೇಗ ಅಂಟಿಸ್ಕೊಡಿ.”

ಅವರ ಹಣೆಯಲ್ಲಿ ಬೆವರಿತ್ತು. ಆತನೂ ಹೆದರಿದ್ದಾನೆ ಎಂದು ಅಂಟಮ್ಮನಿಗೆ ಆಗ ತಿಳಿಯಿತು. ಅದರಿಂದ ಅವರ ಭಯವೇನೂ ಕಡಿಮೆಯಾಗಲಿಲ್ಲ. ಹೆದರಿದ ಮನುಷ್ಯ ಎಲ್ಲವನ್ನೂ ಗಮನಿಸುತ್ತಾನೆ.

ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಬಿಸಿಲಿಗೆ ಒಣಗಿ ಸೀಳಿದ್ದು ಮಡಿಕೆಯ ಕಡೆಯ ಅಂಟು. ಚೀಟಿಗಳು ಬಟ್ಟೆಯ ಜೊತೆ ಎದ್ದು ಬಂದಿದ್ದವು. ಬರಹದ ಮುಖ ಈಗ ಹೊರಗಿತ್ತು. ಅಂಟಿನ ಬಿಳಿ ಪೊರೆಯ ಅಡಿಯಲ್ಲಿ ‘ಓದುಗರ’ ಎಂಬ ಅಚ್ಚಿನ ಅಕ್ಷರಗಳು, ಅದರ ಮುಂದೆ ನೀಲಿ ಶಾಯಿಯ ಮಸುಕು. ಒದ್ದೆ ಬೆರಳು ತಾಗಿದರೆ ಸಾಕು, ಪೊರೆ ಕರಗಿ ಹೆಸರು ಎದ್ದು ಬರುತ್ತದೆ.

“ಒಳಗೆ ಏನೋ ಬರೆದ ಹಾಗಿದೆ” ಎಂದು ಅಧಿಕಾರಿ ಬಗ್ಗಿದರು. ಬೆವರಿದ ತೋರುಬೆರಳು ಚೀಟಿಯ ಕಡೆ ಬಂತು.

“ಕೈ ತೆಗೀರಿ ಸರ್, ಅಂಟು ಕುದೀತಿದೆ.”

ಬ್ರಶ್ಶು ಅದಾಗಲೇ ಪಾತ್ರೆಯಿಂದ ಎದ್ದಿತ್ತು. ಬಿಸಿ ಅಂಟು ಚೀಟಿಯ ಮೇಲೆ ದಪ್ಪಗೆ ಬಿತ್ತು. ಅಧಿಕಾರಿ ಬೆರಳು ಹಿಂದಕ್ಕೆಳೆದುಕೊಂಡರು. ಅಂಟಮ್ಮ ಬ್ರಶ್ಶನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉಜ್ಜಿದರು. ನೀಲಿ ಹರಡಿ ಅಂಟಿಗೆ ಕೂಡಿಕೊಂಡಿತು. ಆಮೇಲೆ ಚಾಕು ಹಿಡಿದು ಚೀಟಿಗಳನ್ನು ಕೆರೆಯತೊಡಗಿದರು.

“ಅದನ್ಯಾಕೆ ತೆಗೀತೀರಿ? ಇದ್ದದ್ದನ್ನೇ ಅಂಟಿಸಿ ಅಂದ್ನಲ್ಲ.”

“ಹಳೇದ್ರ ಮೇಲೆ ಹೊಸ ಅಂಟು ನಿಲ್ಲಲ್ಲ ಸರ್. ಮೇಲಿನವ್ರ ಮೇಜಿನ ಮೇಲೆ ಮತ್ತೆ ಬಿಟ್ಕೊಂಡ್ರೆ?”

ಅಧಿಕಾರಿ ಪೇದೆಯ ಕಡೆ ತಿರುಗಿದರು.

“ಮೂರು ದಿನ ಇಲ್ಲೇ ಕೂತಿದ್ಯಲ್ಲ. ಬೇರೆ ಪುಸ್ತಕದ ಒಳಗೂ ಇಂಥ ಕಾಗದ ಇತ್ತಾ?”

ಅಂಟಮ್ಮನ ಚಾಕು ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಪೇದೆ ನೆಲ ನೋಡಿದ. ಬಕೆಟ್ಟು ಅವನ ಕಾಲಿನಿಂದ ಎರಡು ಅಡಿ ದೂರದಲ್ಲಿತ್ತು. ಅದರ ನೀರಿನಲ್ಲಿ ಹಳದಿ ಮುದ್ದೆ ಎದ್ದು ಕಾಣುತ್ತಿತ್ತು.

“ರದ್ದಿ ಸರ್” ಅಂದ. “ಎಲ್ಲಾ ಕೊಳೆತಿತ್ತು. ವಾಸನೆಗೆ ತಲೆನೋವು ಬಂದಿತ್ತು ನಂಗೆ.”

ಅಂಟಿಗೆ ವಾಸನೆಯೇ ಇರಲಿಲ್ಲ. ಅವನು ಏನನ್ನು ಕಂಡಿದ್ದ, ಏನನ್ನು ಕಾಣಲಿಲ್ಲ ಎನ್ನುವುದು ಅಂಟಮ್ಮನಿಗೆ ಇಂದಿಗೂ ತಿಳಿದಿಲ್ಲ.

ಮೂರು ಗಂಟೆಗೆ ಇಪ್ಪತ್ತೆಂಟು ಪುಸ್ತಕಗಳೂ ಜೀಪು ಹತ್ತಿದವು. ‘ಓದುಗರ ಹೆಸರುಗಳು ಲಭ್ಯವಿಲ್ಲ’ ಎಂಬ ಮೇಡಂ ಪತ್ರವೂ ಹೋಯಿತು. ಈ ಬಾರಿ ಅದು ಆ ಪುಸ್ತಕಗಳ ಬೆನ್ನಿನ ಮಟ್ಟಿಗೆ ನಿಜವಾಗಿತ್ತು.

ಉಳಿದ ಪುಸ್ತಕಗಳ ಮಟ್ಟಿಗೆ ಅಲ್ಲ. ಇನ್ನೊಂದು ಪಟ್ಟಿ ಬರುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಸೋಮವಾರದಿಂದ ಅಂಟಮ್ಮ ಮೊದಲ ಕಪಾಟಿನ ಮೊದಲ ಸಾಲಿಗೆ ಕೈ ಹಾಕಿದರು. ದಿನಕ್ಕೆ ಐದು, ಮೈ ಹಗುರವಿದ್ದರೆ ಆರು. ಯಾವ ಕಪಾಟು ಮೊದಲು ಎನ್ನುವುದೂ ಒಂದು ಚಿಂತೆ. ಮುಂದಿನ ಪಟ್ಟಿಯಲ್ಲಿ ಏನು ಬರಬಹುದೆಂದು ಊಹಿಸಲು ಹೋದರೆ ಜೇನು ಸಾಕಣೆಯ ನೆನಪಾಗುತ್ತದೆ, ಊಹೆ ನಿಲ್ಲುತ್ತದೆ. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಚಾಕು ತಡೆಯುತ್ತದೆ. ಅದು ಹೊರಟ ಸದ್ದಾದ ಮೇಲೆ ಮತ್ತೆ ಸಾಗುತ್ತದೆ. ಇಲಾಖೆಯ ತೆಳು ಕಂದು ಕಾಗದವನ್ನೇ ಈಗ ಮೂರು ಪದರ ಮಾಡಿ ಹಾಕುತ್ತಾರೆ. ಕೌಂಟರಿನಿಂದ ಬರುವ ಚೀಟಿಗಳನ್ನು ಮೇಡಂ ಎದುರಿಗೇ ನೀರಿಗೆ ಹಾಕುತ್ತಾರೆ. ಮೇಡಂ ಕೈ ತೋಯಿಸಿಕೊಂಡು ತಾವೂ ಹಿಸುಕುತ್ತಾರೆ.

ಆ ವಾರದ ಶನಿವಾರ ಡ್ರಾಯಿಂಗ್ ಟೀಚರು ಬಂದರು. ಹಿಂದಿನ ಶನಿವಾರ ಬಂದಿರಲಿಲ್ಲ. ಕಪಾಟಿನಿಂದ ಒಂದು ಪುಸ್ತಕ ತೆಗೆದರು. ಕೌಂಟರಿಗೆ ಹೋಗದೆ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಜೀಪು ಬಂದಿತ್ತಂತೆ.”

“ಬಂದಿತ್ತು.”

“ಹೆಸರು ಕೇಳಿದ್ರಂತೆ. ನೀವು ಇಲ್ಲ ಅಂದ್ರಂತೆ.” ಟೀಚರು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ನಿಜ ಹೇಳಿ ಅಂಟಮ್ಮ. ನನ್ನ ಹೆಸರು ಇಲ್ಲಿ ಎಲ್ಲಾದ್ರೂ ಇದ್ಯಾ?”

ಇಲ್ಲ ಎಂದುಬಿಟ್ಟರೆ ಆಗುತ್ತಿತ್ತು. ಎದುರಿನ ಮುಖದಲ್ಲಿ ಆ ಉತ್ತರಕ್ಕಾಗಿ ಜಾಗ ಸಿದ್ಧವಾಗಿತ್ತು. ಆದರೆ ಹಿಸುಕಿದ್ದು ಒಂದೇ ಚೀಟಿ; ಪ್ರತಿ ಶನಿವಾರ ಬರುವವರ ಹೆಸರು ಇನ್ನೆಷ್ಟು ಬೆನ್ನುಗಳಲ್ಲಿತ್ತೋ. ಅಂಟಮ್ಮ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡರು.

“ಇದೆ. ಎಲ್ಲಿ ಅಂತ ನಂಗೊತ್ತಿಲ್ಲ. ತಪ್ಪು ನಂದು. ಒಂದೊಂದೇ ತೆಗೀತಾ ಇದೀನಿ.” ಬೆನ್ನಿನ ವಿಷಯ ಅಷ್ಟನ್ನೂ ಹೇಳಿದರು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಪುಸ್ತಕವನ್ನು ತೋರಿಸಿದರು.

ಟೀಚರು ಬಗ್ಗಿ ಆ ತೆರೆದ ಬೆನ್ನನ್ನು ನೋಡಿದರು. “ನಂದು ಸಿಕ್ಕಿದಾಗ ಹೇಳ್ತೀರಾ?”

“ಹೇಳೋಕಾಗಲ್ಲ ಟೀಚರೇ. ನಾನು ನೋಡೋದಿಲ್ಲ.”

“ಎಲ್ಲಾ ಮುಗಿಯೋಕೆ?”

“ಒಂದೂವರೆ ವರ್ಷ. ಅವ್ರು ಬಿಟ್ರೆ.”

ಟೀಚರು ಪುಸ್ತಕವನ್ನು ಕೌಂಟರಿಗೆ ಒಯ್ಯಲಿಲ್ಲ, ಕಪಾಟಿಗೂ ಮರಳಿಸಲಿಲ್ಲ. ತಿರುಗದ ಫ್ಯಾನಿನ ಕೆಳಗೆ, ಬಾಗಿಲು ಕಾಣುವಂಥ ಬೆಂಚಿನ ತುದಿಯಲ್ಲಿ ಕೂತು ಓದತೊಡಗಿದರು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆ ಎತ್ತಿದರು. ಮುಚ್ಚುವ ಗಂಟೆ ಬಾರಿಸಿದಾಗ ಪುಟದ ಸಂಖ್ಯೆಯನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಗುರುತಿಗೆ ಏನನ್ನೂ ಇಡದೆ, ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು ಹೋದರು.